ದ್ವೀಪಕ್ಕೆ ಹೊರಟವರ ಪ್ರಶ್ನೆಗಳು: ಹ್ಯಾವ್‌ಲಾಕ್, ನೀಲ್‌ನಲ್ಲಿ ನಮ್ಮವರು ಎಡವೋದು ಎಲ್ಲಿ?

ದಸರಾ ಮುಗೀತಿದ್ದ ಹಾಗೇ ಅಂಡಮಾನ್ ಪ್ರಶ್ನೆಗಳು ಶುರು ಆಗ್ತವೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹ್ಯಾವ್‌ಲಾಕ್, ನೀಲ್ ದ್ವೀಪಗಳದ್ದೇ, ಹಾಗಾಗಿ ಹೆಚ್ಚೂಕಮ್ಮಿ ಇಡೀ ಅಂಕಣ ಅದಕ್ಕೇ ಬಿಟ್ಟುಬಿಟ್ಟಿದೀನಿ. ಶುರುವಲ್ಲೇ ಒಂದು ಮಾತು. 2018ರ ಡಿಸೆಂಬರ್‌ನಿಂದ ಹ್ಯಾವ್‌ಲಾಕ್ ಹೆಸರು ಸ್ವರಾಜ್ ದ್ವೀಪ, ನೀಲ್ ಹೆಸರು ಶಹೀದ್ ದ್ವೀಪ, 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯ್ತು. ಟಿಕೆಟ್ ಮೇಲೆ ಹೊಸ ಹೆಸರು ನೋಡಿ ಬೇರೆ ಯಾವುದೋ ಊರಿಗೆ ಬುಕ್ ಆಗೋಯ್ತು ಅಂತ ಗಾಬರಿ ಬೀಳ್ಬೇಡಿ. ಮಾತಲ್ಲಿ ಇನ್ನೂ ಹಳೇ ಹೆಸರೇ ಓಡ್ತಿದೆ, ನಾನೂ ಅದನ್ನೇ ಬರೀತೀನಿ. ಓದುಗರ ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಮೇಡಂ, ನಾವು ಆರು ಜನ, ಅತ್ತೆ ಮಾವ ಮಕ್ಕಳು ಎಲ್ಲಾ ಸೇರಿ ಡಿಸೆಂಬರ್‌ನಲ್ಲಿ ಹೋಗ್ತಿದೀವಿ. ನಾಲ್ಕು ರಾತ್ರಿ ಐದು ಹಗಲಿನ ಪ್ಯಾಕೇಜ್. ಮೊದಲ ದಿನ ಸೆಲ್ಯುಲಾರ್ ಜೈಲು, ಎರಡನೇ ದಿನ ಹ್ಯಾವ್‌ಲಾಕ್, ಅಲ್ಲಿಂದ ನೀಲ್‌ನಲ್ಲಿ ಎರಡು ರಾತ್ರಿ, ಕೊನೇ ದಿನ ಬೆಳಿಗ್ಗೆ ನೀಲ್‌ನಿಂದ ಫೆರ್ರಿ ಹತ್ತಿ ಪೋರ್ಟ್ ಬ್ಲೇರ್‌ಗೆ ಬಂದು ಅವತ್ತೇ ಮಧ್ಯಾಹ್ನ ಬೆಂಗಳೂರು ಫ್ಲೈಟ್. ಏಜೆಂಟ್ "ಟೈಮಿಂಗ್ ಪಕ್ಕಾ ಕೂತಿದೆ" ಅಂತಾನೆ. ನಿಮಗೇನು ಅನ್ಸುತ್ತೆ? (ದಾವಣಗೆರೆ)

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ಅಂದ್ರೆ ಕೊಡ್ಬೇಡಿ, ಕೊಟ್ಟಾಗಿದ್ರೆ ಕೊನೇ ದಿನವನ್ನ ಬದಲಾಯಿಸ್ಕೊಳ್ಳಿ. ಟೈಮಿಂಗ್ ಪಕ್ಕಾ ಕೂತಿರೋದು ಕಾಗದದ ಮೇಲೆ, ಸಮುದ್ರ ಆ ಕಾಗದ ಓದಲ್ಲ.

ನೋಡಿ, ಈ ಎರಡೂ ದ್ವೀಪಕ್ಕೆ ಏರ್‌ಪೋರ್ಟ್ ಇಲ್ಲ, ಸೇತುವೆ ಇಲ್ಲ, ಪ್ರವಾಸಿಗರು ಹೋಗೋದೂ ಬರೋದೂ ಹೆಚ್ಚಾಗಿ ಫೆರ್ರೀಲೇ. ಗಾಳಿ ಜೋರಾಯ್ತು, ಅಲೆ ಎದ್ದಿತು ಅಂದ್ರೆ ಮೊದಲು ಲೇಟು, ಆಮೇಲೆ ಕ್ಯಾನ್ಸಲ್. ಕ್ಯಾನ್ಸಲ್ ಆದ ಫೆರ್ರಿಯ ದುಡ್ಡು ವಾಪಸ್ ಬರ್ಬೋದು, ಆದ್ರೆ ನೀವು ಬೇರೆಯಾಗಿ ತಗೊಂಡಿರೋ ಫ್ಲೈಟ್ ನಿಮಗೋಸ್ಕರ ಕಾಯಲ್ಲ, ಆರು ಜನರ ಟಿಕೆಟ್ ಅವತ್ತಿನ ರೇಟಿಗೆ ಮತ್ತೆ ಕೊಳ್ಳೋಕೆ ಹೋದ್ರೆ ಪ್ಯಾಕೇಜ್‌ಗೆ ಕೊಟ್ಟಷ್ಟೇ ಇನ್ನೊಂದು ಸಲ ಎಣಿಸ್ಬೇಕಾಗುತ್ತೆ. ಡಿಸೆಂಬರ್ ಅಂದ್ರೆ ಒಳ್ಳೇ ಸೀಸನ್ ಅಲ್ವಾ ಅಂತೀರಾ, ಸೀಸನ್ ಹೌದು, ಆದ್ರೆ ಬಂಗಾಳ ಕೊಲ್ಲಿಯ ಸೈಕ್ಲೋನ್ ಕಾಲ ಪೂರ್ತಿ ಮುಗಿದಿರಲ್ಲ. 2016ರ ಡಿಸೆಂಬರ್‌ನಲ್ಲಿ ಹವಾಮಾನ ಕೆಟ್ಟು ಈ ಎರಡೇ ದ್ವೀಪದಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕ್ಕೊಂಡಿದ್ರು, ಕೊನೆಗೆ ನೌಕಾಪಡೆ ಹಡಗು ಬಂದು ಕರ್ಕೊಂಡು ಹೋಗ್ಬೇಕಾಯ್ತು. ಪ್ರತಿ ವರ್ಷ ಅಷ್ಟು ಆಗಲ್ಲ ಬಿಡಿ. ಆದ್ರೆ ಅರ್ಧ ದಿನ, ಒಂದು ದಿನ ಏರುಪೇರು ಆಗೋದು ಅಲ್ಲಿ ದೊಡ್ಡ ಸುದ್ದಿನೇ ಅಲ್ಲ.

ಹಾಗಾಗಿ ಕೊನೇ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಸೆಲ್ಯುಲಾರ್ ಜೈಲು, ಅದರ ಸಂಜೆ ಲೈಟ್ ಅಂಡ್ ಸೌಂಡ್ ಶೋ, ಮಾರ್ಕೆಟ್ ಸುತ್ತೋದು ಎಲ್ಲಾ ಮೊದಲ ದಿನದಿಂದ ತೆಗೆದು ಕೊನೇ ದಿನಕ್ಕೆ ಹಾಕಿ, ಇಳಿದ ದಿನವೇ ಫೆರ್ರಿ ಸಿಕ್ಕಿದ್ರೆ ಸೀದಾ ದ್ವೀಪಕ್ಕೆ ಹೋಗಿ. ದ್ವೀಪ ಮೊದಲು, ಪೇಟೆ ಕೊನೆಗೆ. ಇದೊಂದು ಅದಲುಬದಲು ಮಾಡ್ಕೊಂಡ್ರೆ ಫೆರ್ರಿ ಒಂದು ದಿನ ತಪ್ಪಿದ್ರೂ ಕಳ್ಕೊಳ್ಳೋದು ಮಾರ್ಕೆಟ್ ಸುತ್ತಾಟ ಮಾತ್ರ.

ಇನ್ನೊಂದು, ನಿಮ್ಮ ಪ್ಯಾಕೇಜ್‌ನಲ್ಲಿ ಹ್ಯಾವ್‌ಲಾಕ್‌ಗೆ ಒಂದೇ ರಾತ್ರಿ. ಹೊತ್ತಿನ ಲೆಕ್ಕ ಹಾಕಿ. ಪೋರ್ಟ್ ಬ್ಲೇರ್ ನಮ್ಮ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ, ಡಿಗ್ರಿಗೆ 4 ನಿಮಿಷ ಅಂತ ಹಿಡಿದ್ರೂ ಸೂರ್ಯ ಒಂದು ಗಂಟೆ ಮುಂಚೆ, ಆದ್ರೆ ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲಾ ಸೂರ್ಯ ಮುಳುಗಿರ್ತಾನೆ, ಐದೂಮುಕ್ಕಾಲಿಗೆ ಕಗ್ಗತ್ತಲು. ಮಧ್ಯಾಹ್ನ ಫೆರ್ರಿ ಇಳಿದು, ರೂಮ್ ಸಿಕ್ಕಿ, ಊಟ ಮಾಡಿ, ಮಾವನವರು ಸ್ವಲ್ಪ ಒರಗ್ತೀನಿ ಅಂದು ಎದ್ದೇಳೋ ಹೊತ್ತಿಗೆ ದಿನವೇ ಮುಗಿದಿರುತ್ತೆ. ಹ್ಯಾವ್‌ಲಾಕ್‌ಗೆ ಎರಡು ರಾತ್ರಿ, ನೀಲ್‌ಗೆ ಒಂದು, ಪೋರ್ಟ್ ಬ್ಲೇರ್‌ಗೆ ಒಂದು, ಇದು ನಿಮ್ಮ ಅದೇ ನಾಲ್ಕು ರಾತ್ರೀಲಿ ಆರಾಮಾಗಿ ಕೂರುತ್ತೆ. ಮತ್ತೆ ಊರಲ್ಲಿ ಏಳು ಗಂಟೆಗೆ ಏಳೋ ಅಭ್ಯಾಸ ಇದ್ರೆ ಅಲ್ಲಿ ಐದಕ್ಕೇ ಎದ್ದುಬಿಡಿ, ಅಲ್ಲಿನ ಹೊತ್ತು ಇರೋದೆಲ್ಲಾ ಬೆಳಿಗ್ಗೇನೇ.

ಪ್ರಶ್ನೆ: "ಬೀಚ್ ಫ್ರಂಟ್" ರೆಸಾರ್ಟ್‌ಗೆ ಡಬಲ್ ರೇಟ್ ಹೇಳ್ತಿದಾರೆ. ರೂಮ್‌ನಿಂದ ಇಳಿದ್ರೆ ನೀರು ಅಂತೆ. ಕೊಡ್ಬೋದಾ? (ಶಿವಮೊಗ್ಗ)

ಉತ್ತರ: ಯಾವ ಬೀಚ್ ಅಂತ ಮೊದಲು ಕೇಳಿ. ಹ್ಯಾವ್‌ಲಾಕ್‌ನಲ್ಲಿ ತುಂಬಾ ರೆಸಾರ್ಟ್‌ಗಳು ಇರೋದು ಪೂರ್ವ ದಂಡೇಲಿ, ಗೋವಿಂದನಗರ, ವಿಜಯನಗರ ಕಡೆ, ಅಲ್ಲಿನವರು ನಂಬರ್ 3, ನಂಬರ್ 5 ಬೀಚ್ ಅಂತಾರೆ. ಆ ಕಡೆ ನೀರು ಆಳ ಇಲ್ಲ, ಇಳಿತದ ಹೊತ್ತಿಗೆ ಸಮುದ್ರ ದೂರ ಹಿಂದಕ್ಕೆ ಸರಿದು ಬರೀ ಮರಳು, ಕಲ್ಲು, ಸತ್ತ ಹವಳದ ಚೂರು ಕಾಣುತ್ತೆ. ಬೆಳಿಗ್ಗೆ ಸೂರ್ಯೋದಯ ನೋಡೋಕೆ ಚೆಂದ, ಕೂತು ಕಾಫಿ ಕುಡಿಯೋಕೆ ಚೆಂದ, ಈಜ್ತೀನಿ ಅಂದ್ರೆ ದಿನದ ಅರ್ಧ ಹೊತ್ತು ನೀರೇ ಸಿಗಲ್ಲ. ಈಜೋಕೆ ಲಾಯಕ್ಕಾದ ದೊಡ್ಡ ಬೀಚ್ ಪಶ್ಚಿಮಕ್ಕಿರೋ ರಾಧಾನಗರ. 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೇ ಬೀಚ್ ಅಂತ ಬರೆದದ್ದು ಅದನ್ನೇ, 2020ರಲ್ಲಿ ನಮ್ಮ ಪಡುಬಿದ್ರಿ, ಕಾಸರಕೋಡು ಬೀಚ್‌ಗಳ ಜೊತೆ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ್ದೂ ಅದಕ್ಕೇ. ಡಬಲ್ ರೇಟ್ ಕೊಡೋ ಬದಲು ಸಾಧಾರಣ ರೂಮ್ ತಗೊಂಡು, ಒಂದು ಸ್ಕೂಟರ್ ಬಾಡಿಗೆಗೆ ಹಿಡಿದು ಓಡಾಡಿ, ನನ್ನ ಲೆಕ್ಕದಲ್ಲಿ ಅದೇ ಜಾಣತನ. ಡಿಎಲ್ ಜೇಬಲ್ಲಿರ್ಲಿ, ಹೆಲ್ಮೆಟ್ ಹಾಕಿ, ಕತ್ತಲಾದ ಮೇಲೆ ಆ ರಸ್ತೇಲಿ ದೀಪ ಕಮ್ಮಿ.

ಸನ್‌ಸೆಟ್‌ಗೆ ಎಲ್ಲಾ ಪ್ಯಾಕೇಜ್ ಗಾಡಿಗಳೂ ಒಟ್ಟಿಗೇ ರಾಧಾನಗರಕ್ಕೆ ಬಂದು ನಿಲ್ತವೆ, ಜಾತ್ರೆ. ನೀವು ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ.

ಪ್ರಶ್ನೆ: ರಾಧಾನಗರ ಬೀಚಲ್ಲಿ ಮೊಸಳೆ ಇದೆ ಅಂತ ನಮ್ಮ ಮನೆಯವರು ಹೆದರಿಸ್ತಿದಾರೆ. ಸಮುದ್ರದಲ್ಲಿ ಮೊಸಳೆನಾ? ತಮಾಷೆ ಅಲ್ವಾ? (ಮಂಗಳೂರು)

ಉತ್ತರ: ತಮಾಷೆ ಅಲ್ಲ. ಅಂಡಮಾನ್‌ನಲ್ಲಿ ಇರೋದು ಉಪ್ಪುನೀರಿನ ಮೊಸಳೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಳಿವೆಗಳು ಅದರ ಮನೆ, ಅಲ್ಲಿಂದ ಸಮುದ್ರದಲ್ಲಿ ಈಜಿ ಇನ್ನೊಂದು ಕಡೆ ಹೋಗುತ್ತೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲೀಲಿ ಸ್ನಾರ್ಕೆಲಿಂಗ್ ಮಾಡ್ತಿದ್ದ ಅಮೆರಿಕದ ಒಬ್ಬ ಹುಡುಗಿ ಮೊಸಳೆಗೆ ಬಲಿಯಾದ್ರು. ಆದ್ರೆ ಅದಕ್ಕೋಸ್ಕರ ಟ್ರಿಪ್ಪೇ ಬೇಡ ಅನ್ನೋದೂ ಅತಿ. ದಿನಾ ಅಷ್ಟು ಜನ ಅಲ್ಲಿ ಈಜ್ತಾರೆ. ಲೈಫ್‌ಗಾರ್ಡ್ ಇರೋ ಕಡೆ, ಗುರುತು ಹಾಕಿರೋ ಜಾಗದಲ್ಲಿ, ನಾಲ್ಕು ಜನರ ಮಧ್ಯೆ ನೀರಿಗಿಳೀರಿ. ಬೀಚ್‌ನ ತುದೀಲಿ ಹಳ್ಳ ಬಂದು ಸಮುದ್ರ ಸೇರೋ ಜಾಗ ಫೋಟೋಗೆ ಚೆನ್ನಾಗಿ ಕಾಣುತ್ತೆ, ಅಲ್ಲಿಗೆ ಹೋಗ್ಬೇಡಿ. ಮುಂಜಾನೆ ಮಬ್ಬಲ್ಲಿ, ಸಂಜೆ ಕತ್ತಲಾದ ಮೇಲೆ ನೀರಲ್ಲಿರ್ಬೇಡಿ. ಎಚ್ಚರಿಕೆ ಬೋರ್ಡ್ ಹಾಕಿರೋದು ಅದರ ಮುಂದೆ ನಿಂತು ಸೆಲ್ಫಿ ತಗೊಳ್ಳೋಕಲ್ಲ. ನಿಮ್ಮ ಮನೆಯವರು ಹೇಳಿದ್ದು ಸರಿ ಅಂತ ಅವರಿಗೆ ಹೇಳ್ಬಿಡಿ, ಪಾಪ.

ಪ್ರಶ್ನೆ: ಹೋದ ವರ್ಷ ನೀಲ್‌ಗೆ ಹೋಗಿದ್ವಿ. ಕಲ್ಲಿನ ನ್ಯಾಚುರಲ್ ಬ್ರಿಡ್ಜ್ ನೋಡೋಕೆ ಅಂತ ಕರ್ಕೊಂಡು ಹೋದ್ರು, ಹೋದ್ರೆ ಸುತ್ತ ನೀರು, ಹತ್ರಾನೂ ಹೋಗೋಕಾಗ್ಲಿಲ್ಲ. ದುಡ್ಡು ಮಾತ್ರ ಪೂರ್ತಿ ಇಸ್ಕೊಂಡ್ರು. ಇದು ಮೋಸ ಅಲ್ವಾ? (ಹುಬ್ಬಳ್ಳಿ)

ಉತ್ತರ: ಮೋಸ ಅನ್ನೋಕಿಂತ ಸೋಮಾರಿತನ ಅನ್ನಿ ಸರ್. ಅಲ್ಲಿನ ಡ್ರೈವರ್‌ಗಳಿಗೆ ಉಬ್ಬರ ಇಳಿತದ ಹೊತ್ತು ಬಾಯಿಪಾಠ, ಆದ್ರೆ ನಿಮ್ಮ ಫೆರ್ರಿ ಹೊತ್ತಿಗೆ ತಕ್ಕ ಹಾಗೆ ಗಾಡಿ ಓಡಿಸಿ ಅಂತ ಏಜೆಂಟ್ ಹೇಳಿದ್ರೆ ಅವರು ಓಡಿಸ್ತಾರೆ, ನೀರು ಎಲ್ಲಿದೆ ಅನ್ನೋದು ಯಾರ ತಲೆನೋವೂ ಅಲ್ಲ.

ಕರಾವಳಿಯವರಿಗೆ ಇದು ಗೊತ್ತು, ನಮ್ಮ ಬಯಲುಸೀಮೆಯವರಿಗೆ ಸ್ವಲ್ಪ ಹೇಳ್ಬೇಕು. ಅಂಡಮಾನ್‌ನಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ. ಏರಿದ್ದು ಇಳಿಯೋಕೆ ಆರು ಗಂಟೆ ಮೇಲಾಗುತ್ತೆ. ಈ ಹೊತ್ತು ದಿನಾ ಒಂದೇ ಇರಲ್ಲ, ಚಂದ್ರನ ಹಿಂದೆ ಹೋಗೋದ್ರಿಂದ ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಏರೋದೂ ಜಾಸ್ತಿ, ಇಳಿಯೋದೂ ಜಾಸ್ತಿ. ಆ ಸೇತುವೆ ಬುಡಕ್ಕೆ ನಡ್ಕೊಂಡು ಹೋಗೋಕಾಗೋದು ಇಳಿತದಲ್ಲಿ ಮಾತ್ರ. ಹಾಗಾಗಿ ಹಿಂದಿನ ರಾತ್ರಿನೇ ಹೋಟೆಲಿನವರನ್ನ "ನಾಳೆ ಲೋ ಟೈಡ್ ಎಷ್ಟೊತ್ತಿಗೆ" ಅಂತ ಕೇಳಿ, ಫೋನಲ್ಲೂ ಸಿಗುತ್ತೆ, ಆ ಹೊತ್ತಿಗೆ ಒಂದು ಗಂಟೆ ಮುಂಚೆ ಅಲ್ಲಿರಿ. ಬೆಳಿಗ್ಗೆ ಆರಕ್ಕೆ ಬಿದ್ರೆ ಆರಕ್ಕೇ ಹೋಗಿ, ತಿಂಡಿ ಆಮೇಲೆ. ನೀರು ಏರೋಕೆ ಶುರುವಾದ ಮೇಲೆ ಆಚೆ ಕಲ್ಲಿನ ಮೇಲೆ ರೀಲ್ಸ್ ಮಾಡ್ತಾ ನಿಲ್ಬೇಡಿ.

ಆ ಜಾಗದಲ್ಲಿ ಇನ್ನೊಂದು ತಪ್ಪು ಎಲ್ರೂ ಮಾಡ್ತಾರೆ. ಹವಾಯಿ ಚಪ್ಪಲಿ ಹಾಕ್ಕೊಂಡು ಹೋಗಿ ಪಾಚಿ ಮೇಲೆ ಜಾರೋದು ಒಂದು, ಇದು ಬರೀ ಬಂಡೆ ಅಲ್ಲ ಜೀವ ಇರೋ ಹವಳ ಅಂತ ಗೊತ್ತಿಲ್ಲದೆ ಅದರ ಮೇಲೇ ಕಾಲಿಡೋದು ಇನ್ನೊಂದು. ಗುಂಡಿಗಳಲ್ಲಿ ನಿಂತಿರೋ ನೀರಲ್ಲಿ ಸಣ್ಣ ಮೀನು, ಏಡಿ, ಸಮುದ್ರ ಸೌತೆ (ಸೌತೆಕಾಯಿ ಥರ ಕಾಣೋ ಮೆತ್ತನೆ ಪ್ರಾಣಿ) ಎಲ್ಲಾ ಇರ್ತವೆ. ಕೆಲವು ಗೈಡ್‌ಗಳು ಸಮುದ್ರ ಸೌತೇನ ಎತ್ತಿ ನಿಮ್ಮ ಮಗು ಕೈಗೆ ಕೊಟ್ಟು ಫೋಟೋ ತೆಗೀತೀನಿ ಅಂತಾರೆ. ಬೇಡ ಅನ್ನಿ. ಅದು ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರೋ ಜೀವಿ, ಕಾನೂನು ಅತ್ಲಾಗಿರ್ಲಿ, ನೀರಿಂದ ಎತ್ತಿ ಹತ್ತು ಜನ ಕೈ ಬದಲಾಯಿಸಿದ್ರೆ ಅದರ ಗತಿ ಏನು?

ಸೇತುವೆಗೆ ಅಲ್ಲಿ ಹೌರಾ ಬ್ರಿಡ್ಜ್ ಅಂತಾನೂ ಕರೀತಾರೆ, ನಗ್ಬೇಡಿ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಕಟ್ಟಿದ ಹಳ್ಳಿಗಳು ಅವು. ನೀಲ್‌ನ ಊರುಗಳ ಹೆಸರು ಕೇಳಿ: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ರಾಮಾಯಣ ಪೂರ್ತಿ ಸ್ಕೂಟರಲ್ಲಿ ಅರ್ಧ ದಿನದಲ್ಲಿ ಮುಗಿಯುತ್ತೆ.

ಪ್ರಶ್ನೆ: ಕೊನೇ ದಿನ ಬೆಳಿಗ್ಗೆ ಸ್ಕೂಬಾ ಮಾಡಿ, ರಾತ್ರಿ ಫ್ಲೈಟ್ ಹಿಡಿಯೋ ಪ್ಲ್ಯಾನ್. ಈಜು ಬರಲ್ಲ. ಸಣ್ಣಗೆ ಆಸ್ತಮಾ ಇದೆ, ಫಾರ್ಮ್‌ನಲ್ಲಿ ಬರೀಬೇಕಾ? (ಬೆಂಗಳೂರು)

ಉತ್ತರ: ಈಜು ಬರ್ದೇ ಇರೋದು ತೊಂದ್ರೆ ಇಲ್ಲ ಮಗಳೇ, ಫಸ್ಟ್ ಟೈಮ್ ಡೈವ್‌ಗೆ ಇನ್‌ಸ್ಟ್ರಕ್ಟರ್ ನಿನ್ನ ಬಿಡದೇ ಹಿಡ್ಕೊಂಡಿರ್ತಾರೆ. ಅವತ್ತೇ ಫ್ಲೈಟ್ ಹತ್ತೋದು, ಆಸ್ತಮಾ ಮುಚ್ಚಿಡೋದು, ಇವೆರಡೂ ತಪ್ಪು.

ನೀರೊಳಗೆ ಒತ್ತಡ ಜಾಸ್ತಿ, ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರೋ ನೈಟ್ರೋಜನ್ ರಕ್ತದಲ್ಲಿ, ಮೈಯಲ್ಲಿ ಕರಗಿ ಕೂರುತ್ತೆ. ಮೇಲೆ ಬಂದ ಮೇಲೆ ಅದು ನಿಧಾನಕ್ಕೆ ಉಸಿರಲ್ಲಿ ಹೊರಗೆ ಹೋಗ್ಬೇಕು. ಅಷ್ಟರೊಳಗೆ ವಿಮಾನ ಹತ್ತಿದ್ರೆ ಕ್ಯಾಬಿನ್‌ನಲ್ಲಿ ಒತ್ತಡ ನೆಲಕ್ಕಿಂತ ಕಮ್ಮಿ, ಆಗ ಅದು ಮೈಯೊಳಗೇ ಗುಳ್ಳೆ ಆಗ್ಬೋದು, ಕೀಲು ನೋವಿಂದ ಹಿಡಿದು ಪಾರ್ಶ್ವವಾಯು ತನಕ ಹೋಗ್ಬೋದು. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ಬಿಟ್ಟು ವಿಮಾನ ಹತ್ತಿ ಅನ್ನೋದು ಡೈವಿಂಗ್‌ನವರ ನಿಯಮ. ನಾನಂತೂ ಪೂರ್ತಿ ಒಂದು ದಿನ ಬಿಡು ಅಂತೀನಿ. ಡೈವ್ ಯಾವತ್ತೂ ಟ್ರಿಪ್ಪಿನ ಶುರುವಲ್ಲಿ ಇಟ್ಕೋ, ಅವತ್ತು ಸಮುದ್ರ ಸರಿ ಇಲ್ದೆ ಕ್ಯಾನ್ಸಲ್ ಆದ್ರೂ ಮರುದಿನಕ್ಕೆ ಹಾಕ್ಕೋಬೋದು.

ಆಸ್ತಮಾ ಖಂಡಿತ ಬರೀಬೇಕು. ಬರೆದ್ರೆ ಡೈವ್ ಮಾಡಿಸಲ್ಲ, ದುಡ್ಡು ಹೋಗುತ್ತೆ ಅಂತ ಮುಚ್ಚಿಡ್ತಾರೆ, ಆದ್ರೆ ನೀರೊಳಗೆ ಶ್ವಾಸ ಕಟ್ಟಿದ್ರೆ ಇನ್‌ಹೇಲರ್ ತೆಗೆಯೋಕಾಗಲ್ಲ, ದ್ವೀಪದಲ್ಲಿ ದೊಡ್ಡ ಆಸ್ಪತ್ರೆನೂ ಇಲ್ಲ, ಪೋರ್ಟ್ ಬ್ಲೇರ್‌ಗೆ ಬರ್ಬೇಕು. ಊರಲ್ಲೇ ಡಾಕ್ಟರ್‌ಗೆ ತೋರ್ಸಿ ಕೇಳು. ಅವರು ಬೇಡ ಅಂದ್ರೆ ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚಲ್ಲಿ ಗ್ಲಾಸ್ ಬಾಟಮ್ ಬೋಟ್ ಇದೆ, ಅದರಲ್ಲೂ ಹವಳ ಕಾಣುತ್ತೆ. ನೆಗಡಿ, ಮೂಗು ಕಟ್ಟಿರೋ ದಿನವೂ ನೀರಿಗಿಳೀಬಾರ್ದು, ಕಿವಿ ಹಾಳಾಗುತ್ತೆ.

ಪ್ರಶ್ನೆ: ಆನೆ ಸಮುದ್ರದಲ್ಲಿ ಈಜೋದನ್ನ ಎಲ್ಲಿ, ಎಷ್ಟೊತ್ತಿಗೆ ನೋಡ್ಬೋದು? ಏಜೆಂಟ್ ಫೋಟೋ ಕಳ್ಸಿದಾನೆ. (ಬಳ್ಳಾರಿ)

ಉತ್ತರ: ಅದು ರಾಜನ್ ಅನ್ನೋ ಆನೆ, 2016ರಲ್ಲೇ ತೀರ್ಕೊಂಡಿತು. ಇನ್ನೂ ಅದೇ ಫೋಟೋ ಕಳಿಸೋ ಏಜೆಂಟ್‌ಗೆ ಬೇರೆ ಏನೇನು ಹಳೇದು ಹೇಳ್ತಿದಾನೆ ಅಂತಾನೂ ಕೇಳಿ.

ಪ್ರಶ್ನೆ: ಅಪ್ಪ ಅಮ್ಮನ ಕರ್ಕೊಂಡು ಹೋಗ್ತಿದೀನಿ, ಶುದ್ಧ ಸಸ್ಯಾಹಾರಿಗಳು, ಬಸ್ಸಲ್ಲೇ ಅಮ್ಮನಿಗೆ ವಾಂತಿ ಬರುತ್ತೆ, ಫೆರ್ರೀಲಿ ಏನ್ ಗತಿ? (ಮೈಸೂರು)

ಉತ್ತರ: ಊಟಕ್ಕೆ ತೊಂದ್ರೆ ಇಲ್ಲ, ಸಸ್ಯಾಹಾರಿ ಥಾಲಿ, ದೋಸೆ ಎಲ್ಲಾ ಸಿಗುತ್ತೆ. ಬಂಗಾಳಿ ಅಡುಗೆ ಆದ್ರೆ ಸಾಸಿವೆ ಎಣ್ಣೆ ಇರುತ್ತೆ, ಆ ವಾಸನೆ ನಮ್ಮ ಕಡೆ ಹಿರಿಯರಿಗೆ ಹಿಡಿಸಲ್ಲ, ಮೊದಲೇ ಬೇರೆ ಎಣ್ಣೇಲಿ ಮಾಡಿ ಅಂತ ಹೇಳಿ. ರಾತ್ರಿ ಲೇಟಾಗಿ ಹೋದ್ರೆ ಏನೂ ಸಿಗಲ್ಲ, ಬೇಗ ಮುಚ್ತಾರೆ. ಅವಲಕ್ಕಿ, ಚಟ್ನಿಪುಡಿ ಬ್ಯಾಗಲ್ಲಿರ್ಲಿ.

ಫೆರ್ರಿಗೆ: ಖಾಲಿ ಹೊಟ್ಟೇಲೂ ಬೇಡ, ಹೊಟ್ಟೆ ಬಿರಿಯ ತಿಂದೂ ಬೇಡ, ಒಂದೆರಡು ಇಡ್ಲಿ ಸಾಕು. ಮಾತ್ರೆ ತಗೊಳ್ಳೋದಾದ್ರೆ ಡಾಕ್ಟರ್ ಹತ್ರ ಕೇಳಿ ಹೊರಡೋಕೆ ಮುಂಚೆನೇ ತಗೋಬೇಕು, ವಾಂತಿ ಶುರುವಾದ ಮೇಲೆ ನುಂಗಿದ್ರೆ ಅದೂ ಆಚೆ ಬರುತ್ತೆ ಅಷ್ಟೇ. ಮುಂದಿನ ತುದೀಲಿ ಕೂರ್ಬೇಡಿ, ಅಲ್ಲಿ ಎತ್ತೆತ್ತಿ ಹಾಕುತ್ತೆ, ಮಧ್ಯ ಅಥವಾ ಹಿಂದೆ, ಕೆಳಗಿನ ಡೆಕ್ ಒಳ್ಳೇದು. ಫೋನ್ ನೋಡ್ಬೇಡಿ, ಕಿಟಕೀಲಿ ದೂರದ ಗೆರೆ ನೋಡ್ತಿರಿ. ಖಾಸಗಿ ಫೆರ್ರಿ ಒಂದೂವರೆ ಗಂಟೆ ಆಸುಪಾಸು, ಎಸಿ, ಆದ್ರೆ ಮುಚ್ಚಿದ ಡಬ್ಬಿ. ಸರ್ಕಾರಿ ಫೆರ್ರಿ ನಿಧಾನ, ಅಗ್ಗ, ಕೆಲವದ್ರಲ್ಲಿ ಹೊರಗೆ ಗಾಳಿಗೆ ನಿಲ್ಬೋದು. ಟಿಕೆಟ್ ಮೇಲಿನ ಹೆಸರು ಇರೋ ಗುರುತಿನ ಚೀಟಿ ಎಲ್ರಿಗೂ ಬೇಕು, ಜೆಟ್ಟಿಗೆ ಒಂದು ಗಂಟೆ ಮುಂಚೆ ಹೋಗಿ.

ಪ್ರಶ್ನೆ: ಮಗ ಬೀಚಲ್ಲಿ ಶಂಖ, ಚಿಪ್ಪು, ಬಿಳೀ ಹವಳದ ತುಂಡು ಆರಿಸ್ತಾನೆ, ಮನೇಲಿ ಫಿಶ್ ಟ್ಯಾಂಕಿಗೆ ತರ್ಬೋದಲ್ವಾ, ಬಿದ್ದಿರೋದು ತಾನೇ? (ತುಮಕೂರು)

ಉತ್ತರ: ತರ್ಬಾರ್ದು. ಸತ್ತಿದ್ರೂ ಹವಳ ಹವಳವೇ, ವನ್ಯಜೀವಿ ಕಾಯ್ದೆ ಅಡಿ ಅಪರಾಧ, ಪೋರ್ಟ್ ಬ್ಲೇರ್ ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಬ್ಯಾಗ್ ತೆಗೆಸಿ ಇಳಿಸ್ತಾರೆ, ಫ್ಲೈಟ್ ಹೊತ್ತಲ್ಲಿ ಆ ರಗಳೆ ಯಾಕೆ. ಖಾಲಿ ಚಿಪ್ಪು ಅನ್ನೋದ್ರೊಳಗೆ ಎಷ್ಟೋ ಸಲ ಸನ್ಯಾಸಿ ಏಡಿ ಸಂಸಾರ ಮಾಡ್ತಿರುತ್ತೆ, ಅದನ್ನ ಮಗನಿಗೆ ಅಲ್ಲೇ ಕೂತು ತೋರ್ಸಿ, ಸುಮ್ನೆ ಮರಳ ಮೇಲಿಟ್ಟು ಎರಡು ನಿಮಿಷ ಕಾದ್ರೆ ಕಾಲು ಆಚೆ ಹಾಕಿ ನಡೆಯುತ್ತೆ. ಅಂಗಡೀಲಿ ಕೊಂಡದ್ದಕ್ಕೆ ಬಿಲ್ ಇಟ್ಕೊಳ್ಳಿ.

ಪ್ರಶ್ನೆ: ಆದಿವಾಸಿಗಳನ್ನ ನೋಡೋ ವ್ಯವಸ್ಥೆ ಇದೆಯಾ? (ವಿಜಯಪುರ)

ಉತ್ತರ: ಇಲ್ಲ, ಇರ್ಲೂಬಾರ್ದು. ಹ್ಯಾವ್‌ಲಾಕ್, ನೀಲ್‌ನಲ್ಲಿ ಅವರಿಲ್ಲ. ಬಾರಾಟಾಂಗ್ ದ್ವೀಪಕ್ಕೆ ಹೋಗೋ ರಸ್ತೆ ಜಾರವಾ ಜನರ ಮೀಸಲು ಕಾಡಿನೊಳಗೆ ಹೋಗುತ್ತೆ, ಅಲ್ಲಿ ಗಾಡಿಗಳನ್ನ ಕಾನ್ವಾಯ್ ಮಾಡಿ ಬಿಡ್ತಾರೆ, ನಿಲ್ಲಿಸೋದು, ಫೋಟೋ ವಿಡಿಯೋ ತೆಗೆಯೋದು, ಬಿಸ್ಕತ್ ಕೊಡೋದು ಎಲ್ಲಾ ಅಪರಾಧ. "ಕಂಡ್ರೂ ಕಾಣ್ಬೋದು" ಅಂತ ಆಸೆ ಹುಟ್ಟಿಸಿ ಆ ಟೂರ್ ಮಾರೋವ್ರ ಹತ್ರ ಬೇರೆ ಏನೂ ಕೊಳ್ಬೇಡಿ. ಮನುಷ್ಯರು ಸಾರ್ ಅವರು.

ಪ್ರಶ್ನೆ: ಫೋನ್‌ಪೇ ನಡೆಯುತ್ತಾ? ಆಫೀಸ್ ಕೆಲಸ ಅಲ್ಲಿಂದಲೇ ಮಾಡ್ಬೋದಾ? (ಬೆಳಗಾವಿ)

ಉತ್ತರ: 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಮೊದಲಿನಷ್ಟು ಕಷ್ಟ ಇಲ್ಲ, ಆದ್ರೂ ಕರೆಂಟ್ ಹೋಗುತ್ತೆ, ನೆಟ್‌ವರ್ಕ್ ಹೋಗುತ್ತೆ, ಎಟಿಎಂ ಬೆರಳೆಣಿಕೆ. ಎರಡು ದಿನಕ್ಕಾಗೋಷ್ಟು ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದಿಟ್ಕೊಳ್ಳಿ. ಮೀಟಿಂಗ್ ಇದ್ರೆ ರಜೆ ಹಾಕಿ ಮಾರಾಯ್ರೆ.

ಪ್ರಶ್ನೆ: ಅಂಡಮಾನ್ ನಮ್ಮ ಬಜೆಟ್‌ಗೆ ಆಗಲ್ಲ. ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಅಂತಿದೀವಿ, ಒಂದು ರಾತ್ರಿ ಅಲ್ಲೇ ಇರೋಕೆ ರೂಮ್ ಸಿಗುತ್ತಾ? (ಚಿತ್ರದುರ್ಗ)

ಉತ್ತರ: ರೂಮೂ ಇಲ್ಲ, ರಾತ್ರಿ ಇರೋಕೆ ಬಿಡೋದೂ ಇಲ್ಲ. ಉಡುಪೀಲೋ ಮಲ್ಪೇಲೋ ಉಳ್ಕೊಂಡು ಬೆಳಿಗ್ಗೆ ಮೊದಲ ಬೋಟಿಗೇ ಹೋಗಿ. ಮಳೆಗಾಲದಲ್ಲಿ ಬೋಟ್ ಪೂರ್ತಿ ಬಂದ್, ಜೂನ್ ಜುಲೈನಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿ ದಡದಲ್ಲಿ ನಿಂತು ಬೇಜಾರಾಗಿ ಬರೋವ್ರು ಎಷ್ಟೋ ಜನ. ಹೋಗೋ ದಿನ ಬೆಳಿಗ್ಗೆ ಬೋಟ್ ಬಿಡ್ತಿದಾರಾ ಅಂತ ವಿಚಾರಿಸ್ಕೊಂಡೇ ಹೊರಡಿ.

ಅಲ್ಲಿನ ಕಂಬದ ಥರದ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆ ಆದ ಕಾಲದ ಲಾವಾ ತಣ್ಣಗಾಗಿ ಆದವು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಹೆಸರು ಕೆತ್ತೋ ಗೋಡೆ ಅಲ್ಲ. ನೋಡೋಕೆ ಮೆಟ್ಟಿಲ ಥರ ಇರೋದ್ರಿಂದ ಹತ್ತೋಕೆ ಆಸೆ ಆಗುತ್ತೆ, ಆದ್ರೆ ನೀರಿನ ಅಂಚಿನ ಕಲ್ಲು ಸಿಕ್ಕಾಪಟ್ಟೆ ಜಾರುತ್ತೆ, ಫೋಟೋಗೆ ಅಂತ ಹೋಗಿ ಅಲೆಗೆ ಸಿಕ್ಕಿ ಸತ್ತವರಿದಾರೆ. ಮೇಲೆ ನೆರಳು ಅಂದ್ರೆ ತೆಂಗಿನ ಮರದ್ದೇ, ಟೋಪಿ, ನೀರು ತಗೊಂಡು ಹೋಗಿ, ಖಾಲಿ ಬಾಟಲ್ ವಾಪಸ್ ತನ್ನಿ. ಇಳಿಯುವಾಗ್ಲೇ ಕೊನೇ ಬೋಟ್ ಎಷ್ಟೊತ್ತಿಗೆ, ನಮ್ಮ ಟಿಕೆಟ್‌ಗೆ ಯಾವ ಬೋಟ್‌ನಲ್ಲಿ ವಾಪಸ್ ಅಂತ ಬೋಟಿನವರ ಹತ್ರಾನೇ ಕೇಳ್ಕೊಂಡು, ಗುಂಪಲ್ಲಿ ಎಲ್ರಿಗೂ ಹೇಳ್ಬಿಡಿ.